ಜೆಲ್ಲಿನ ಮೇಲೆ ಕೂರದ ಸೆಲ್ಲುಗಳು

ತುಡಿಯಲೂರು ದಾಟಿದರೆ ಸಿಗುವ ಒಂದು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವುದು ನನ್ನ ಕೆಲಸ. ಅಲ್ಲಿನವರ ಬಾಯಲ್ಲಿ ನಾನು ಪಾಟಿ, ಅಂದರೆ ಅಜ್ಜಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅಲ್ಲಿ ದಿನಕ್ಕೊಂದು ನಗು ಗ್ಯಾರಂಟಿ. ಓದಿದವರು ನಾಲ್ಕು ಜನ ಸೇರಿದ ಕಡೆ ಅದಕ್ಕೇನು ಬರವೇ?

೧. ಬೀಗರು

ನೆಗಮಂನ ನೇಕಾರರ ಹುಡುಗಿಯೊಬ್ಬಳು ಅಲ್ಲಿ ಪಿಎಚ್‌.ಡಿ. ಮಾಡುತ್ತಾಳೆ. ಸುತ್ತೆಲ್ಲ ತಮಿಳಾದರೂ ಅವರ ಮನೆಯಲ್ಲೂ ನಮ್ಮ ಹಾಗೆ ಕನ್ನಡ, ಅದಕ್ಕೇ ನನಗೆ ಹತ್ತಿರ. ಒಂದು ದಿನ ಆರಿದ ಗಂಜಿಯ ಹಾಗೆ ನಡುಗುವ ಜೆಲ್ ಮುಂದಿಟ್ಟುಕೊಂಡು ಕೂತಿದ್ದಳು.

"ಏನಮ್ಮಣ್ಣಿ ಇದು?"

"ಸೆಲ್ಲು ಬೆಳೆಸೋಕೆ ಅವ್ವಾ. ಬರೀ ಜೆಲ್ ಮೇಲೆ ಅವು ಕೂರಲ್ಲ, ಪ್ರೋಟೀನ್ ಅಂಟಿಸಬೇಕು. ಒಂದು ಔಷಧ ಸುರಿದು ಈ ಪೆಟ್ಟಿಗೆಯೊಳಗಿನ ನೇರಳೆ ದೀಪದ ಕೆಳಗಿಡ್ತೀನಿ. ಬೆಳಕು ಬಿದ್ದರೆ ಔಷಧ ಒಂದು ಕೈಲಿ ಜೆಲ್ ಹಿಡಿಯುತ್ತೆ, ಇನ್ನೊಂದು ಕೈಲಿ ಪ್ರೋಟೀನ್ ಹಿಡಿಯುತ್ತೆ."

"ಚಾಪೆ ಹಾಸದಿದ್ರೆ ಕೂರಲ್ಲ ಅನ್ನು. ಊಟ?"

"ಎರಡು ದಿನಕ್ಕೊಮ್ಮೆ ಹಳೇದು ತೆಗೆದು ಹೊಸದು ಹಾಕಬೇಕು."

"ಹಂಗಾದ್ರೆ ಬೀಗರೇ ಸರಿ," ಅಂದೆ.

೨. ಪಕ್ಕದ ಮೇಜಿನವನು

ಆಯುಧಪೂಜೆಯ ರಜೆ ಮುಗಿಸಿ ಬಂದರೆ ಸೆಲ್ಲೆಲ್ಲ ತೇಲಾಟ. ಮೂರು ಸಲ ಮಾಡಿದಳು, ಮೂರು ಸಲವೂ ಅದೇ ಕಥೆ. ಅವಳ ಗೈಡ್ ಸಾರ್, "ಶುಕ್ರವಾರದೊಳಗೆ ಕೂರಿಸದಿದ್ರೆ ಈ ವಿಷಯ ಪಕ್ಕದ ಮೇಜಿನವನಿಗೆ," ಅಂದುಬಿಟ್ಟರು. ಎರಡು ವರ್ಷದ ದುಡಿಮೆ. ಹುಡುಗಿ ಊಟ ಬಿಟ್ಟಳು.

ಆ ಪಕ್ಕದ ಮೇಜಿನವನೇ ಏನೋ ಬೆರೆಸಿದ್ದಾನೆ ಅಂತ ನನಗೆ ಗುಮಾನಿ. ಗುಮಾನಿ ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಅಜೀರ್ಣ. ಮಧ್ಯಾಹ್ನದೊಳಗೆ ಕ್ಯಾಂಟೀನಿಗೆಲ್ಲ ಬಡಿಸಿದೆ. ಸಂಜೆ ಅವನೇ ಬಂದು ನಿಂತ.

"ಪಾಟಿ, ನನ್ನ ಸೆಲ್ಲೂ ತೇಲ್ತಿದೆ. ಅದಕ್ಕೆ ಯಾರು ಕಾರಣ ಅಂತ ಕ್ಯಾಂಟೀನಲ್ಲಿ ಏನಾದ್ರೂ ತಿಳೀತಾ?"

೩. ದೀಪ

ಗುರುವಾರ ಆ ಪೆಟ್ಟಿಗೆ ಒರೆಸುವಾಗ ಒಳಗೆ ಬಗ್ಗಿ ನೋಡಿದೆ. ದೀಪದ ಗಾಜಿಗೆ ಅಂಗೈಯಗಲ ಗಂಧ ಮೆತ್ತಿ, ನಡುವೆ ಕುಂಕುಮ. ಬೆಳಕು ಇಳಿಯುವುದಾದರೂ ಎಲ್ಲಿಂದ? ಹುಡುಗಿಯನ್ನು ಕೂಗಿದೆ. ಒರೆಸಿ, ಹೊಸ ಜೆಲ್ ಮಾಡಿದಳು. ಶುಕ್ರವಾರ ಬೆಳಗ್ಗೆ ನೋಡಿದರೆ ಸೆಲ್ಲೆಲ್ಲ ಕೈಕಾಲು ಚಾಚಿ ಕೂತಿವೆ, ಜಗಲಿ ತಿಣ್ಣೆಯ ಮೇಲಿನ ಮುದುಕರ ಹಾಗೆ.

ಸಾರ್ ಸೂಕ್ಷ್ಮದರ್ಶಕದಲ್ಲಿ ಇಣುಕಿ ಹಿಗ್ಗಿದರು. "ಏನು ಬದಲಾಯಿಸಿದೆ?"

"ದೀಪದ ಗಂಧ ಒರೆಸಿದೆ ಸಾರ್."

"ಗಂಧವಾ? ದೀಪಕ್ಕೆ ಗಂಧ ಮೆತ್ತಿದ ಆ ಬುದ್ಧಿವಂತ ಯಾರು?"

ಹುಡುಗಿ ನನ್ನ ಕಡೆ ತಿರುಗಿದಳು. ನಾನೇ ಹೇಳಿದೆ, "ಪೂಜೆ ದಿನ ಎಲ್ಲಾ ಮಿಷಿನ್ನಿಗೂ ಗಂಧ ಕುಂಕುಮದ ಪೊಟ್ಟು ಇಟ್ಟದ್ದು ನೀವೇ ಸಾರ್. ಗಂಧದ ಬಟ್ಟಲು ಹಿಡಿದಿದ್ದು ನಾನು."

ಸಾರ್ ಮೆಲ್ಲಗೆ ಕುರ್ಚಿಗೆ ಇಳಿದರು. "ವಿಷಯ ನಿಂದೇಮ್ಮಾ," ಅಂದರು ಅವಳಿಗೆ. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಪಾಟಿ, ಇದನ್ನ ಯಾರಿಗೂ ಹೇಳಬೇಡಿ."

"ಇನ್ನು ಯಾರಿಗೆ ಹೇಳ್ಲಿ ಸಾರ್? ನಿನ್ನೆನೇ ಎಲ್ಲರಿಗೂ ಆಯ್ತು."