ರೋಗವಿಲ್ಲದ ಮನೆತನ

ತಾಯಪ್ಪನ ಇನ್ಶೂರೆನ್ಸ್ ಹಣಕ್ಕೆ ಕಲ್ಲು ಬಿದ್ದದ್ದು ಎದುರು ಮನೆಯ ವೀರಭದ್ರಮ್ಮ ಆಡಿದ ಒಳ್ಳೆಯ ಮಾತಿನಿಂದ. ಆಕೆ ನಾಲ್ಕು ಕೆಟ್ಟ ಮಾತು ಆಡಿದ್ದರೆ ಹಣ ಎಂದೋ ಬಂದು ಬೀಳುತ್ತಿತ್ತು.

ತಾಯಪ್ಪ ಮಸ್ಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಜೋಳದ ಚೀಲ ಎತ್ತಲು ಹೋಗಿ ಹರ್ನಿಯಾ ಮಾಡಿಕೊಂಡ. ಲಿಂಗಸುಗೂರಿನ ಖಾಸಗಿ ದವಾಖಾನೆಯೊಂದರಲ್ಲಿ ಆಪರೇಶನ್ ಆಯಿತು. ವಿಮೆ ಇದೆಯಲ್ಲ ಎಂಬ ಧೈರ್ಯದ ಮೇಲೆ, ಸದ್ಯದ ಖರ್ಚಿಗೆಂದು ಹೆಂಡತಿ ಆದಮ್ಮನ ಎಮ್ಮೆಯನ್ನು ಮಾರಿದರು. "ಕ್ಲೇಮು ಬಂದ ಮರುದಿನಾನ ಅದೇ ಎಮ್ಮಿ ತಂದು ಕಟ್ಟತೀನಿ" ಎಂದು ತಾಯಪ್ಪ ಮಾತು ಕೊಟ್ಟಿದ್ದ. ಅಂದಿನಿಂದ ಮನೆಯಲ್ಲಿ ಕರಿ ಚಹಾ. ಆದಮ್ಮ ಅದನ್ನು ಗಂಡನ ಮುಂದೆ ಕುಕ್ಕುವ ಸದ್ದು ಪಕ್ಕದ ಮನೆಗೂ ಕೇಳಿಸುತ್ತಿತ್ತು.

ಕ್ಲೇಮು ಹಾಕಿದ ಮೇಲೆ ವಿಚಾರಣೆಗೆಂದು ಕಂಪನಿಯ ನೌಕರನೊಬ್ಬ ಓಣಿಗೆ ಬಂದ. ಅವತ್ತು ತಾಯಪ್ಪ ಹೊಲಿಗೆ ಬಿಚ್ಚಿಸಲು ಲಿಂಗಸುಗೂರಿಗೆ ಹೋಗಿದ್ದ. ಬಂದವನು ತಾನು ಯಾರೆಂದು ಹೇಳದೆ ನೆರೆಯವರನ್ನು ವಿಚಾರಿಸಿದ: ತಾಯಪ್ಪ ಎಂಥ ಮನುಷ್ಯ, ಕುಡಿಯುತ್ತಾನೋ, ಮನೆಯಲ್ಲಿ ರೋಗರುಜಿನ ಏನಾದರೂ ಉಂಟೋ?

ತಾಯಪ್ಪನ ಮಗ ಪವನನಿಗೆ ಹೆಣ್ಣು ಹುಡುಕಿ ಹುಡುಕಿ ಚಪ್ಪಲಿ ಸವೆದದ್ದು ಓಣಿಗೆಲ್ಲ ಗೊತ್ತಿತ್ತು. ಗುರುತಿಲ್ಲದವನೊಬ್ಬ ಬಂದು ಇಂಥ ಪ್ರಶ್ನೆ ಕೇಳಿದನೆಂದರೆ ಅವನು ಹೆಣ್ಣಿನ ಕಡೆಯವನೇ ಸೈ. ಹೆಣ್ಣಿನ ಕಡೆಯವರ ಮುಂದೆ ನೆರೆಯವರ ಹುಳುಕು ತೆಗೆಯುವ ಪದ್ಧತಿ ಆ ಓಣಿಯಲ್ಲಿ ಇಲ್ಲ. ನಾಳೆ ತಮ್ಮ ಮನೆಯ ಮಕ್ಕಳಿಗೂ ಲಗ್ನ ಆಗಬೇಕಲ್ಲ.

"ರೋಗಾ?" ಎಂದಳು ವೀರಭದ್ರಮ್ಮ. "ಅವರ ಮನೆತನದಾಗ ದವಾಖಾನಿ ಮೆಟ್ಟಲಾ ಹತ್ತಿದವರು ಒಬ್ಬರಿಲ್ರೀ. ಮಗ ಅಂತೂ ಬಂಗಾರ."

ಮೂಲೆ ಅಂಗಡಿಯ ದರ್ಜಿ ಕರೀಂಸಾಬ್ ಹೊಲಿಗೆ ಯಂತ್ರ ನಿಲ್ಲಿಸಿ, "ತಾಯಪ್ಪಗ ಸೂಜಿ ಚುಚ್ಚಿದ್ದು ಈ ಕಣ್ಣಿಲೆ ನೋಡಿಲ್ರೀ. ಜೋಳದ ಚೀಲಾ ಈಗೂ ಒಂದೇ ಕೈಲೆ ಎತ್ತತಾನ" ಎಂದ.

ವಾರ ಕಳೆಯುವುದರೊಳಗೆ ಪವನನ ಮೊಬೈಲಿಗೆ ಸಂದೇಶ ಬಂತು. ಅರ್ಜಿದಾರರು ಸಂಪೂರ್ಣ ಆರೋಗ್ಯವಂತರೆಂದು ಸ್ಥಳೀಯ ವಿಚಾರಣೆಯಲ್ಲಿ ತಿಳಿದುಬಂದಿರುವುದರಿಂದ ಕ್ಲೇಮನ್ನು ತಿರಸ್ಕರಿಸಲಾಗಿತ್ತು. ತಾಯಪ್ಪ ದವಾಖಾನೆಯ ಕಾಗದದ ಗಂಟು ಹೊತ್ತು ಸಿಂಧನೂರಿನ ಆಫೀಸಿಗೆ ಓಡಿದ.

ಕೌಂಟರಿನ ಪ್ರಿಯಾಂಕಾ ಗಂಟು ಬಿಚ್ಚಲಿಲ್ಲ. "ಕಾಗದ ಯಾರು ಬೇಕಾದ್ರೂ ತರ್ತಾರ್ರೀ. ಓಣಿ ಮಾತು ಮುಖ್ಯ. ಅಲ್ಲ, ಇಡೀ ಓಣ್ಯಾಗ ನಿಮಗ ಒಬ್ಬರೂ ಆಗದವರು ಇಲ್ಲೇನ್ರೀ?" ಎಂದು ಮರುಕಪಟ್ಟಳು. ಅಪೀಲು ಬರೆಸಿಕೊಂಡು, ಸೋಮವಾರ ದೊಡ್ಡ ಸಾಹೇಬರೇ ಮಸ್ಕಿಗೆ ಬರುತ್ತಾರೆಂದು ಹೇಳಿ ಕಳಿಸಿದಳು.

ಸೋಮವಾರ ಬೆಳಗಾಗುತ್ತಲೇ ತಾಯಪ್ಪ ಮನೆ ಮನೆಗೆ ಹೋಗಿ ಕೈ ಮುಗಿದ.

"ನಿನ್ನ ಮಗನ ಒಳ್ಳೇದಕ್ಕ ಹೇಳಿದೆ. ನನಗ ಬಂತಲ್ಲ ಬೈಗಳ" ಎಂದು ವೀರಭದ್ರಮ್ಮ ಮುಖ ಊದಿಸಿದಳು.

"ಬೈಯಾಕ ಬಂದಿಲ್ಲಬೇ ಯವ್ವಾ. ಇವತ್ತು ಸಾಹೇಬ ಬಂದ್ರ ಖರೇ ಹೇಳು, ಅಷ್ಟ ಸಾಕು."

"ಎಷ್ಟು ಖರೇ ಹೇಳ್ಲಿ?"

ಈ ಪ್ರಶ್ನೆಗೆ ತಾಯಪ್ಪ ತಯಾರಾಗಿರಲಿಲ್ಲ. "ಕ್ಲೇಮು ಪಾಸಾಗೋವಷ್ಟು" ಎಂದುಬಿಟ್ಟ. ಹೇಳಬಾರದ ಮಾತೆಂದರೆ ಅದೇ.

ಆಮೇಲೆ ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ. ಮಸ್ಕಿಯ ಬಿಸಿಲಿಗೆ ಕಾಗೆಗಳೇ ಬಾಯಿ ತೆರೆದು ಕೂತಿದ್ದವು, ಇವನು ಕಂಬಳಿಯೊಳಗೆ ಬೇಯುತ್ತಿದ್ದ. ಓಣಿಗೆ ಮೊದಲು ಕಾಲಿಟ್ಟ ಅಪರಿಚಿತ ಬಗಲಲ್ಲಿ ಚೀಲ ತೂಗುಹಾಕಿದ್ದ. ವೀರಭದ್ರಮ್ಮ ಅವನ ರಟ್ಟೆ ಹಿಡಿದು ಎಳೆದು ತಂದು ಹರ್ನಿಯಾದ ಕತೆ ಹೇಳಿದಳು. ತಾಯಪ್ಪ ನರಳುತ್ತ ಎದ್ದು ಲುಂಗಿ ಸರಿಸಿ ಹೊಲಿಗೆಯ ಗುರುತು ತೋರಿಸಿದ. ಬಂದವನು ಕಂತಿನ ಮೇಲೆ ಮಿಕ್ಸರ್ ಮಾರುವವನು. ಗುರುತನ್ನು ನೋಡಿ, ಚೀಲವನ್ನೂ ಬಿಚ್ಚದೆ, ಮುಂದಿನ ಓಣಿಗೆ ಹೋದ.

ಎರಡನೆಯವನು ಚರಂಡಿ ಅಳೆಯಲು ಬಂದಿದ್ದ. ಅವನಿಗೂ ಗುರುತಿನ ದರ್ಶನವಾಯಿತು. ಅಷ್ಟರಲ್ಲಿ ರೋಗವೂ ಬೆಳೆದಿತ್ತು. ವೀರಭದ್ರಮ್ಮ ಹರ್ನಿಯಾಕ್ಕೆ ಸಕ್ಕರೆ ಕಾಯಿಲೆ ಸೇರಿಸಿದರೆ, ಹಿಂದೆ ಬೀಳಬಾರದೆಂದು ಕರೀಂಸಾಬ್ ಎದೆಯಲ್ಲಿ ತೂತು ಇದೆಯೆಂದ. ಚರಂಡಿಯವನು ಕನಿಕರದಿಂದ, ಮನೆಯ ಮುಂದೆ ಅಗೆಯುವುದನ್ನು ಸ್ವಲ್ಪ ದಿನ ತಡೆಯುವುದಾಗಿ ಮಾತು ಕೊಟ್ಟು ಹೋದ.

"ಊರ ಮಂದಿಗೆಲ್ಲ ಲುಂಗಿ ಸರಿಸಿ ತೋರಸ್ತೀಯಲ್ಲ, ನಾಚಿಕಿ ಆಗಂಗಿಲ್ಲೇನು?" ಎಂದಳು ಆದಮ್ಮ.

"ನಿನ್ನ ಎಮ್ಮಿ ಸಲುವಾಗೇ ತೋರಸಾಕತ್ತೀನಿ" ಎಂದ ತಾಯಪ್ಪ. ಅವನಿಗೂ ನಾಚಿಕೆ ಆಗಿತ್ತು. ಆದರೆ ಇವತ್ತಲ್ಲದಿದ್ದರೆ ಇನ್ನೆಂದೂ ಇಲ್ಲ ಎಂಬುದು ಗೊತ್ತಿತ್ತು.

ಊಟದ ಹೊತ್ತಿಗೆ ನಿಜವಾದ ಸಾಹೇಬ ಬಂದ. ದೇವೇಂದ್ರಪ್ಪ ಎಂದು ಹೆಸರು. ಇಸ್ತ್ರಿ ಅಂಗಿ, ಹಣೆಗೆ ಕುಂಕುಮ, ಮದುವೆ ಮನೆಯ ಹಿರಿಯರಂಥ ಮೆದು ಮಾತು. ಓಣಿಯ ಒಂದೊಂದು ಮನೆಗೂ ಹೋಗಿ, ಎಲ್ಲರೂ ಹೇಳಿದ್ದನ್ನು ತಲೆದೂಗುತ್ತ ಕೇಳಿದ. ವೀರಭದ್ರಮ್ಮ ತಾಯಪ್ಪನಿಗೆ ಮೂರ್ಛೆರೋಗದ ಪಿಟ್ಸ್ ಬರುತ್ತದೆಂದು ಹೇಳುವಾಗ ಭರದಲ್ಲಿ ಪವನನನ್ನೂ ಸೇರಿಸಿಬಿಟ್ಟಳು. ಕೊನೆಗೆ ಸಾಹೇಬ ತಾಯಪ್ಪನ ಕಟ್ಟೆಯ ಮೇಲೆ ಬಂದು ಕೂತು ಬೆವರು ಒರೆಸಿಕೊಂಡ.

"ತಾಯಪ್ಪನವರ, ನಿಮ್ಮ ಅಪೀಲು ಖರೇ ಅನಸ್ತೈತಿ. ಪಾಸ್ ಮಾಡಾಕ ನಂದೇನೂ ಅಡ್ಡಿ ಇಲ್ಲ."

ತಾಯಪ್ಪನ ಕಣ್ಣಲ್ಲಿ ನೀರು ಬಂತು. ಒಳಗೆ ಆದಮ್ಮ ಎಮ್ಮೆ ಕಟ್ಟುವ ಹಗ್ಗ ಎಲ್ಲಿದೆ ಎಂದು ಹುಡುಕತೊಡಗಿದಳು. ಸಾಹೇಬ ಮಾತ್ರ ದೊಡ್ಡದೊಂದು ನಿಟ್ಟುಸಿರು ಬಿಟ್ಟ.

"ಆದ್ರ ನನ್ನ ದುಃಖ ಬ್ಯಾರೆ ಐತ್ರಿ. ನಾ ಹಿಂಗ ಅಪೀಲಿಗೆ ಓಡ್ಯಾಡೋನಲ್ಲ. ನಮ್ಮ ನೌಕರ ಬರದ ರಿಪೋರ್ಟ್ ಓದಿದೆ. ರೋಗ ಇಲ್ಲದ ಮನೆತನ, ಚಟ ಇಲ್ಲದ ತಂದಿ, ಬಂಗಾರದಂಥಾ ಮಗ. ನನಗ ಒಬ್ಬಾಕಿ ಮಗಳದಾಳ. ಕಣ್ಣಿಲೆ ನೋಡಿ ಬರೋಣಂತ ಬಂದೆ. ನಿಮ್ಮ ಮನಿದೇವ್ರು ಯಾವುದ್ರೀ?"

"ಹುಲಿಗೆಮ್ಮ ರೀ."

"ನಮ್ಮದೂ ಹುಲಿಗೆಮ್ಮನೇ. ಹೆಣ್ಣಿನ ಕಡೆಯಿಂದ ಏನು ಕೇಳ್ತೀರಿ?"

"ಏನೂ ಬ್ಯಾಡ್ರೀ, ಹುಡುಗಿ ಒಂದು ಕೊಟ್ರ ಸಾಕು."

"ನಾನೂ ಅದನ್ನೇ ಅನಕೊಂಡಿದ್ದೆ. ಇರಲಿ ಬಿಡ್ರೀ, ಋಣ ಇಲ್ಲ. ಸಕ್ಕರಿ, ಎದ್ಯಾಗ ತೂತು, ಮಗಗೂ ಪಿಟ್ಸು. ಗೊತ್ತಿದ್ದೂ ಗೊತ್ತಿದ್ದೂ ಮಗಳನ್ನ ಹೆಂಗ ಕೊಡ್ಲಿ?"

ಬಾಗಿಲ ಹಿಂದೆ ಬಳೆಗಳು ಜೋರಾಗಿ ಸದ್ದು ಮಾಡಿದವು. ತಾಯಪ್ಪ ಒಳಗೆ ಹೋದ. ಆದಮ್ಮ ಅವನ ಅಂಗಿಯ ತೋಳು ಹಿಡಿದು, "ಎಮ್ಮಿ ಸುಡುಗಾಡಿಗೆ ಹೋಗಲಿ. ಮಗನ ಹಣ್ಯಾಗ ಬಾಸಿಂಗ ನೋಡಬೇಕು ನಾ. ಹೋಗಿ ಖರೇ ಹೇಳು" ಎಂದಳು.

ಬೆಳಗಿನಿಂದ ಖರೆ ಅನ್ನುವುದು ಎಷ್ಟು ಸಲ ಬದಲಾಗಿತ್ತೋ ತಾಯಪ್ಪನಿಗೇ ಲೆಕ್ಕ ತಪ್ಪಿತ್ತು. ಆದರೂ ಹೊರಗೆ ಬಂದು ಕಂಬಳಿ ಒದ್ದು ಎದೆ ಸೆಟೆಸಿ ನಿಂತ.

"ಸಾಹೇಬ್ರ, ಓಣಿ ಮಂದಿ ಹೇಳಿದ್ದೆಲ್ಲ ಸುಳ್ಳ್ರೀ. ನಾನೇ ಹೇಳ್ರೀ ಅಂತ ಹೇಳಿದ್ದೆ. ನನಗ ಯಾವ ರೋಗಾನೂ ಇಲ್ಲ."

"ಮತ್ತ ಹರ್ನಿಯಾ ಆಪರೇಶನ್?"

"ಯಾವ ಆಪರೇಶನ್ರೀ?"

"ಹಂಗಾದ್ರ ಹೊಲಿಗಿ ಗುರುತು ಇಲ್ಲ ಅಂತೀರಿ. ಒಮ್ಮೆ ನೋಡ್ಲ್ಯಾ?"

ಬೆಳಗಿನಿಂದ ಬಂದವರಿಗೆಲ್ಲ ಗುರುತು ತೋರಿಸಿದ ತಾಯಪ್ಪ, ಅದನ್ನು ನೋಡಲೆಂದೇ ಸಂಬಳ ತೆಗೆದುಕೊಳ್ಳುವ ಒಬ್ಬನ ಮುಂದೆ ಲುಂಗಿಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದ. "ಬೀಗರಾಗೋರ ಮುಂದ ಚಲೋ ಕಾಣಂಗಿಲ್ರೀ" ಎಂದ.

ಸಾಹೇಬನಿಗೆ ಈ ಸಂಸ್ಕಾರ ಬಹಳ ಹಿಡಿಸಿತು. ಮುಖ ಅರಳಿಸಿ ಚೀಲದಿಂದ ಕಾಗದ ತೆಗೆದ. "ಬಾಯಿ ಮಾತು ನಮ್ಮ ಮನ್ಯಾಗ ನಂಬಂಗಿಲ್ರೀ. ರೋಗ ಇಲ್ಲ, ಆಪರೇಶನ್ ಆಗಿಲ್ಲ, ಅಪೀಲು ವಾಪಸ್ ತಗೋತೀನಿ ಅಂತ ಎರಡು ಸಾಲು ಬರಕೊಡ್ರಿ. ನಮ್ಮಾಕಿಗೆ ತೋರಿಸಿ, ಫೋನ್ ಮಾಡ್ತೀನಿ."

ತಾಯಪ್ಪ ಎರಡು ಸಾಲು ಕೇಳಿದ್ದಕ್ಕೆ ನಾಲ್ಕು ಸಾಲು ಬರೆದ. ಮಗನ ಗುಣಗಾನವನ್ನೂ ಸೇರಿಸಿ ಸಹಿ ಹಾಕಿದ. ಸಾಹೇಬ ಅದನ್ನು ಮಡಚಿ ಕಣ್ಣಿಗೊತ್ತಿಕೊಂಡು ಚೀಲದೊಳಗಿಟ್ಟು, ಎಲ್ಲರಿಗೂ ಕೈ ಮುಗಿದು ಹೊರಟ.

ಅವನು ಮೂಲೆ ತಿರುಗಿದ ಮೇಲೆ ಆದಮ್ಮ ಹಣೆ ಚಚ್ಚಿಕೊಂಡಳು. "ಬೀಗರನ್ನ ಬರಿಗೈಲೆ ಕಳಿಸಿದೆವಲ್ಲಾ! ಓಡು, ಇದನ್ನ ಕೊಟ್ಟು ಬಾ" ಎಂದು ತೆಂಗಿನಕಾಯಿ, ಒಂದು ಕುಪ್ಪಸದ ಖಣ ಕೈಗಿಟ್ಟಳು.

ತಾಯಪ್ಪ ಓಡಿದ. ಹೊಲಿಗೆಯ ಜಾಗ ಚುಳುಕ್ಕೆಂದಿತು, ಈಗ ಮಾತ್ರ ನರಳಾಟ ಸಾಚಾ ಇತ್ತು. ಒಂದು ಕೈಯಲ್ಲಿ ಪಕ್ಕೆ, ಇನ್ನೊಂದರಲ್ಲಿ ಕಾಯಿ ಹಿಡಿದು ಮೂಲೆ ಮುಟ್ಟಿದ. ಸಾಹೇಬ ಬೈಕಿಗೆ ಒರಗಿ, ಇವನಿಗೆ ಬೆನ್ನು ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು ತಾಯಪ್ಪ ಏದುಸಿರು ಬಿಗಿಹಿಡಿದು ಹಿಂದೆಯೇ ನಿಂತ.

"ಹ್ಞಾ ಪ್ರಿಯಾಂಕಾ, ಮಸ್ಕಿದು ಮುಗೀತವಾ. ತಾನಾಗೇ ಬರಕೊಟ್ಟಾನ. ಮುಂದಿನ ಅಪೀಲು ಎಲ್ಲಿ? ಗುರುಗುಂಟಾ? ಲಗ್ನಕ್ಕ ಬಂದ ಗಂಡುಮಕ್ಕಳು ಅದಾರೇನು ಅವರ ಮನ್ಯಾಗ?"

ಆ ಕಡೆಯಿಂದ ಏನೋ ಉತ್ತರ ಬಂತು. ಸಾಹೇಬ ಗಡ್ಡ ಕೆರೆದುಕೊಂಡ.

"ಬರೇ ಹೆಣ್ಣುಮಕ್ಕಳಾ? ಆತು ಬಿಡು. ಹಂಗಾದ್ರ ನನಗ ಒಬ್ಬ ಮಗ ಅದಾನ."