ಆರಿಹೋದ ಐಸ್ ಟೀ

ನಾನು ಏನನ್ನಾದ್ರೂ ತಣ್ಣಗೆ ಮಾಡೋಕೆ ಹೊರಟರೆ ಯಾರಾದ್ರೂ ಒಬ್ಬರು ಬಂದು ಅದನ್ನ ಬಿಸಿ ಮಾಡಿಯೇ ತೀರ್ತಾರೆ. ಯಾಕೆ ಹೀಗೆ ಅಂತ ದೇವರಾಣೆಗೂ ನನಗೆ ಗೊತ್ತಿಲ್ಲ.

ಚಿಂತಾಮಣಿ ಹತ್ತಿರದ ಒಂದು ಶಾಲೆಯಲ್ಲಿ ನಾನು ಟೀಚರ್. ನಮ್ಮ ಹೆಡ್ ಮೇಡಂ ರಿಟೈರ್ ಆಗೋಕೆ ಒಂದು ತಿಂಗಳಿತ್ತು. "ಸ್ಟಾಫ್ ರೂಮಿನ ಕುದ್ದ ಟೀ ಕುಡಿದೂ ಕುಡಿದೂ ನಾಲಿಗೆ ಸತ್ತೋಗಿದೆ ಕಣಮ್ಮ. ಬೀಳ್ಕೊಡುಗೆ ದಿನವಾದ್ರೂ ಬೇರೆ ಏನಾದ್ರೂ ಕೊಡಿ" ಅಂದರು. ನಾನು ಸುಮ್ಮನಿರಬಾರದಾ? "ಐಸ್ ಟೀ ಮಾಡ್ತೀನಿ ಮೇಡಂ, ನನಗೆ ಬಿಡಿ" ಅಂದುಬಿಟ್ಟೆ. ಅವರು ಜನ್ಮದಲ್ಲಿ ಅದನ್ನ ಕುಡಿದಿರಲಿಲ್ಲ. ನಾನು ಜನ್ಮದಲ್ಲಿ ಅದನ್ನ ಮಾಡಿರಲಿಲ್ಲ. ಸಾಯಂಕಾಲದೊಳಗೆ ಅವರು ಇಡೀ ಸ್ಟಾಫಿಗೆ ಹೇಳಿಕೊಂಡು ಬಂದಿದ್ದರು. ನನ್ನ ಮರ್ಯಾದೆ ಆ ಟೀಗೆ ಗಂಟು ಬಿತ್ತು.

ಮೊದಲ ಸಲ

ದಿನಾ ಮಾಡೋ ಹಾಗೇ ಟೀ ಸೊಪ್ಪು ಹಾಕಿ ಚೆನ್ನಾಗಿ ಕುದಿಸಿ, ಸೋಸಿ, ಬಿಸಿಬಿಸಿಯಾಗೇ ಫ್ರಿಜ್ಜಿಗೆ ತಳ್ಳಿದೆ. ಎರಡು ಗಂಟೆ ಬಿಟ್ಟು ತೆಗೆದರೆ ಬಗ್ಗಡ. ಬಾಯಿಗಿಟ್ಟರೆ ಬೇವು.

ನನ್ನ ಯಜಮಾನರು ತಾಲ್ಲೂಕು ಕಚೇರಿ ಗುಮಾಸ್ತರು. ಗ್ಲಾಸನ್ನ ಬೆಳಕಿಗೆ ಹಿಡಿದು ಗಂಭೀರವಾಗಿ ಕೇಳಿದರು: "ಎಲ್ಲಿ ಬೋರ್ ಹೊಡೆಸ್ದೆ? ಎಷ್ಟಡಿಗೆ ಬಂತು?"

ನೆಂಟರು ಬಂದಾಗ

ಆಮೇಲೆ ಗೊತ್ತಾಯ್ತು, ಸೊಪ್ಪನ್ನ ಕುದಿಸಲೇಬಾರದು. ತಣ್ಣೀರಲ್ಲಿ ಎಂಟು ಗಂಟೆ ಸುಮ್ಮನೆ ನೆನೆಹಾಕಿ, ಸೋಸಿ, ಸಕ್ಕರೆ ಪಾಕ, ನಿಂಬೆಹಣ್ಣು, ನಾಲ್ಕು ಪುದೀನ ಎಲೆ. ಅಷ್ಟೇ. ಜೇನಿನ ಬಣ್ಣಕ್ಕೆ ಬಂತು. ಕಹಿ ಅನ್ನೋದೇ ಇಲ್ಲ. ನನಗೆ ಕುಣಿಯೋಣ ಅನ್ನಿಸಿತು.

ಅದೇ ಹೊತ್ತಿಗೆ ಶಿಡ್ಲಘಟ್ಟದಿಂದ ನಮ್ಮತ್ತೆಯ ತಮ್ಮ ಬಂದರು. ರೇಷ್ಮೆ ಗೂಡಿನ ವ್ಯಾಪಾರದವರು, ಬಿಸಿಲಲ್ಲಿ ಬೆಂದು ಬಂದಿದ್ದರು. ಹೆಮ್ಮೆಯಿಂದ ಒಂದು ಗ್ಲಾಸ್ ಕೊಟ್ಟೆ. ಅವರು ಮುಟ್ಟಿ ನೋಡಿದರು. ಕೆಳಗಿಟ್ಟರು. ಅತ್ತೆ ಕಡೆ ತಿರುಗಿ ಮೆಲ್ಲಗೆ, "ಅಕ್ಕಾ, ನಾನು ಏನಾದ್ರೂ ತಪ್ಪು ಮಾತಾಡಿದ್ನಾ?" ಅಂದರು.

ಅತ್ತೆ ಗ್ಲಾಸು ಮುಟ್ಟಿದವರೇ ಕೆಂಡವಾದರು. ಕೋಪ ಬಂದರೆ ಅವರಿಗೆ ತೆಲುಗೇ ಬರೋದು. "ಅಯ್ಯೋ, ಚಲ್ಲಾರಿಪೋಯಿಂದೇ! ಬಂದೋರಿಗೆ ಆರಿದ ಟೀ ಕೊಡೋ ಮನೇನಾ ಇದು?" ನಾನು ಬಾಯಿ ಬಿಡೋದರೊಳಗೆ ಐಸ್ ಸಮೇತ ಪಾತ್ರೆಗೆ ಸುರಿದು ಒಲೆ ಹಚ್ಚಿದ್ದರು.

ಶಿಡ್ಲಘಟ್ಟದ ಮಾವ ಅದನ್ನ ಊದಿಕೊಂಡು ಊದಿಕೊಂಡು ಕುಡಿದರು. ಈಗ ಅವರಿಗೆ ಶೀತವಾದಾಗಲೆಲ್ಲ ಆ ಕಷಾಯ ಬೇಕು ಅಂತ ನನಗೆ ಫೋನ್ ಬರುತ್ತೆ.

ಫ್ರಿಜ್ಜಿನ ಬಾಟಲಿ

ಅಭ್ಯಾಸಕ್ಕೆ ಅಂತ ದಿನಾ ಒಂದು ಬಾಟಲಿ ಮಾಡಿಡ್ತಿದ್ದೆ. ಯಜಮಾನರ ಆಫೀಸಿನವರೊಬ್ಬರು ಮನೆಗೆ ಬಂದರು. ಇವರು ಫ್ರಿಜ್ಜಿಂದ ಬಾಟಲಿ ತೆಗೆದು ಎರಡು ಗ್ಲಾಸಿಗೆ ಬಗ್ಗಿಸಿ ಐಸ್ ಹಾಕಿದರು. ಬಂದವರು ಅಡುಗೆಮನೆ ಕಡೆ ಕಣ್ಣು ಹಾಯಿಸಿ ಪಿಸುಗುಟ್ಟಿದರು. "ಮೇಡಮ್ಮಿಗೆ ಗೊತ್ತಾ?"

"ಅವಳೇ ಮಾಡೋದು. ದಿನಾ ನೆನೆಹಾಕ್ತಾಳೆ" ಅಂದರು ಇವರು.

ಅವತ್ತಿಂದ ಆ ಮನುಷ್ಯ ನನ್ನನ್ನ ರಸ್ತೇಲಿ ಕಂಡರೆ ಎರಡೂ ಕೈ ಎತ್ತಿ ಮುಗೀತಾರೆ.

ಬೀಳ್ಕೊಡುಗೆ

ಆ ದಿನ ಬಂತು. ಒಂದು ದೊಡ್ಡ ಕ್ಯಾನ್ ತುಂಬ ಐಸ್ ಟೀ ತಂದು ಬಿಸಿಯೂಟದ ಅಡುಗೆಮನೇಲಿ ಇಟ್ಟು, "ಇದು ಸ್ಟಾಫಿಗೆ ಟೀ, ಭಾಷಣ ಮುಗಿದ ಮೇಲೆ ಕೊಡಿ" ಅಂತ ಅಡುಗೆಯಮ್ಮನಿಗೆ ಹೇಳಿ ವೇದಿಕೆ ಕಡೆ ಓಡಿದೆ. ಭಾಷಣ ಎರಡು ಗಂಟೆ ನಡೀತು.

ಮುಗಿದ ಮೇಲೆ ಅಡುಗೆಯಮ್ಮ ತಟ್ಟೆ ಹಿಡಿದು ಬಂದರು. ತಟ್ಟೇಲಿ ಬಟ್ಟಲು. ಬಟ್ಟಲಲ್ಲಿ ಚಮಚ. ಹೊಗೆ ಆಡ್ತಿದೆ! ನನಗೆ ತಲೆಬುಡ ತಿಳೀಲಿಲ್ಲ.

"ಏನಮ್ಮಾ ಇದು?"

"ನಿಮ್ಮ ಟೀನೇ ಮೇಡಂ" ಅಂತ ಆ ತಾಯಿ ಕಿವೀಲಿ ಹೇಳಿದರು. "ಪೂರ್ತಿ ಆರಿಹೋಗಿತ್ತು. ಅವಸರದಲ್ಲಿ ಹಾಲೂ ಮರೆತಿದ್ರಿ. ಮಕ್ಕಳಿಗೆ ಕಾಯಿಸಿದ ಹಾಲು ಮಿಕ್ಕಿತ್ತು, ಹಾಕಿ ಕುದಿಸ್ದೆ. ಯಾಕೋ ಒಡೆದೋಯ್ತು. ಚೆಲ್ಲಕ್ಕೆ ಮನಸ್ಸಾಗ್ಲಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಗಟ್ಟಿ ಮಾಡಿಬಿಟ್ಟೆ. ಯಾರಿಗೂ ಹೇಳಲ್ಲ, ಧೈರ್ಯವಾಗಿರಿ."

ನನಗೆ ಅಳು ಬಂತು. ತಿಂಗಳು ಪೂರ್ತಿ ಒದ್ದಾಡಿದ್ದು ಇದಕ್ಕಾ? ಅಷ್ಟರಲ್ಲಿ ಹೆಡ್ ಮೇಡಂ ಒಂದು ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇನ್ನೊಂದು ಚಮಚ. ಬಟ್ಟಲು ಖಾಲಿ. ಎದ್ದು ಬಂದು ನನ್ನ ಕೈ ಹಿಡ್ಕೊಂಡರು, ಕಣ್ಣಲ್ಲಿ ನೀರು. "ಐಸ್ ಟೀ ಅಂದ್ರೆ ಹಿಂಗಿರುತ್ತೆ ಅಂತ ಯಾರೂ ಹೇಳಲೇ ಇಲ್ವಲ್ಲಮ್ಮ! ಸರ್ವೀಸೆಲ್ಲ ದಂಡ ಆಯ್ತು."

ನಿಜ ಹೇಳೋಣ ಅಂತ ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.

ಮೊನ್ನೆ ಗೌರಿಬಿದನೂರಿಂದ ಅವರದೇ ಫೋನ್. "ಮೊಮ್ಮಗಳ ನಾಮಕರಣ ಕಣಮ್ಮ, ಐವತ್ತು ಜನ ಆಗ್ತಾರೆ. ನಿನ್ನ ಐಸ್ ಟೀನೇ ಆಗ್ಬೇಕು ಅಂತ ಹೇಳಿಬಿಟ್ಟಿದೀನಿ. ಒಂದೇ ಮಾತು. ಹೋದ ಸಲದ ಥರ ಬಿಸಿಬಿಸಿಯಾಗಿರ್ಲಿ, ಆರಿಸಿಬಿಡ್ಬೇಡ."