ಕೇಳಿದ್ದಕ್ಕೆ ಭಾವ ಕೊಡುವ ಉತ್ತರ

ನಮ್ಮ ಭಾವನಿಂದ ನೆಟ್ಟಗೆ ಒಂದು ಉತ್ತರ ಪಡೆದವರು ಇಡೀ ನರಸಿಂಹರಾಜಪುರದಲ್ಲಿ ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳಲು ನಾನು ಸಿದ್ಧ! ಕಾಫಿ ಬೇಕೇ ಎಂದರೆ ಹೂಂ ಎನ್ನುವವರಲ್ಲ. ಈಗ ಕುಡಿದರೆ ಊಟ ಸೇರುತ್ತದೋ ಇಲ್ಲವೋ ಎಂದು ಚರ್ಚಿಸಿ, ಕೊನೆಗೆ ಲೋಟಕ್ಕೆ ಕೈ ಚಾಚುತ್ತಾರೆ. ಅಷ್ಟರಲ್ಲಿ ಕಾಫಿ ಆರಿರುತ್ತದೆ.

ಇಂಥವರ ಕಸುಬೇನು ಗೊತ್ತೆ? ಕಂಪ್ಯೂಟರಿಗೆ ಉತ್ತರ ಕೊಡಲು ಕಲಿಸುವುದು! ಫೋನು ಪ್ರಶ್ನೆ ಕಳಿಸಿದರೆ ಎಲ್ಲೋ ಇರುವ ಸರ್ವರ್ ಉತ್ತರ ವಾಪಸ್ ಕಳಿಸಬೇಕು; ಅದಕ್ಕೆ ವೆಬ್ ಸರ್ವಿಸ್ ಅಂತ ಹೆಸರು. ಉತ್ತರ ಯಾವ ರೂಪದಲ್ಲಿ ಬರಬೇಕೆಂದು ಪ್ರೋಗ್ರಾಂ ಬರೆಯುವವರೇ ನಿರ್ಧರಿಸಬಹುದಂತೆ. ಭಾವನಿಗೆ ಇಷ್ಟು ಸಲಿಗೆ ಕೊಟ್ಟರೆ ಕೇಳಬೇಕೆ?

ಅವರು ಉತ್ತರದಲ್ಲಿ ಅಂಕಿ ಬಿಟ್ಟು ವಾಕ್ಯಗಳ ಹಿಂದೆ ಬಿದ್ದದ್ದು ಮಾತ್ರ ಅವರ ಹೆಂಡತಿ, ಅಂದರೆ ನನ್ನ ಅಕ್ಕನ ದೆಸೆಯಿಂದ. ಹೋದ ವರ್ಷ ಪಾರ್ಶ್ವವಾಯು ಆದ ಮೇಲೆ ಅವಳಿಗೆ ನಡಿಗೆ, ಮಾತು, ಓದು ಎಲ್ಲ ಮರಳಿದವು, ಅಂಕಿ ಮರಳಲಿಲ್ಲ. ಗಡಿಯಾರವಾಗಲಿ ಬಸ್ಸಿನ ನಂಬರಾಗಲಿ ತಲೆಗೆ ಹೋಗದು. ಮೊದಲಿನಂತೆ ಒಬ್ಬಳೇ ಕೊಪ್ಪಕ್ಕೆ, ನನ್ನ ಮನೆಗೆ ಬರಬೇಕೆಂಬುದೊಂದೇ ಅವಳ ಹಟ.

ಅದೇ ಹೊತ್ತಿಗೆ ಕೊಪ್ಪದ ಬಸ್ ಏಜೆಂಟ್ ಸಾಹೇಬರು, ಸ್ಟ್ಯಾಂಡಿನ ಬೋರ್ಡಿನಲ್ಲಿ ಬಸ್ಸು ಬರುವ ಸಮಯ ತೋರಿಸುವ ಕೆಲಸವನ್ನು ಭಾವನಿಗೆ ವಹಿಸಿದರು. ಭಾವನ ಸರ್ವಿಸ್ ಇಡೀ ವಾಕ್ಯ ಕಳಿಸಿತು! ಪುಟ್ಟ ಬೋರ್ಡಿನಲ್ಲಿ ಹಿಡಿಸಿದ್ದು "ಶೃಂಗೇರಿಯಿಂದ ಬಸ್ಸು ಹೊರಟಿದೆ, ಆದರೆ" ಎಂಬಷ್ಟೇ. ಆದರೆ ಏನು? ಪಂಕ್ಚರೇ? ಜನ ಸಾಹೇಬರನ್ನು ಮುತ್ತಿಕೊಂಡರು. ಕೆಲವರು ಆಟೋ ಹಿಡಿದು ಹೋಗಿಯೇಬಿಟ್ಟರು. ಡ್ರೈವರು ಹರಿಹರಪುರದಲ್ಲಿ ಚಾ ಕುಡಿಯುತ್ತಿದ್ದಾನೆ ಎಂಬುದು ಉಳಿದರ್ಧ!

"ನಂಗೆ ಬರೀ ಟೈಮ್ ಸಾಕು ಮಾರಾಯ್ರೆ," ಎಂದರು ಸಾಹೇಬರು. ಭಾವ ಬೋರ್ಡಿಗೆ ಅಂಕಿ ಕೊಟ್ಟು, ವಾಕ್ಯಗಳನ್ನು ಅಕ್ಕನ ಫೋನಿಗೆ ತಿರುಗಿಸಿದರು.

ಮೊನ್ನೆ ಅಕ್ಕ ಬಂದೇಬಿಟ್ಟಳು, ಒಬ್ಬಳೇ! ಸ್ಟ್ಯಾಂಡಿನಲ್ಲಿ ಬಸ್ಸಿಳಿದವಳೇ ಫೋನು ನನ್ನ ಮುಖಕ್ಕೆ ಹಿಡಿದಳು. "ಈಗ ಬಂದ ಹಸಿರು ಬಸ್ಸು ಹತ್ತು." ಅದರ ಕೆಳಗೆ, "ಕಿಟಕಿ ಪಕ್ಕ ಸೀಟು ಸಿಕ್ತಲ್ಲ, ಸೆರಗು ಒಳಗೆ ಎಳ್ಕೋ."

"ನೋಡು, ದಾರೀಲಿ ಯಾರನ್ನೂ ಕೇಳ್ಲಿಲ್ಲ ನಾನು," ಎಂದಳು.

ಅಲ್ಲ, ಸರ್ವರ್‌ಗೆ ಸೆರಗು ಹೇಗೆ ಕಂಡಿತು? ತಲೆಯೆತ್ತಿದರೆ, ಬಾಳೆಹಣ್ಣಿನ ಅಂಗಡಿಯ ಮರೆಯಲ್ಲಿ ಹೆಲ್ಮೆಟ್ ಹಾಕಿಕೊಂಡ ಭಾವ ಕೈಸನ್ನೆ ಮಾಡುತ್ತಿದ್ದಾರೆ. ಅಕ್ಕನನ್ನು ಬೆಂಚಿನಲ್ಲಿ ಕೂರಿಸಿ ಅವರ ಬಳಿ ಹೋದೆ.

"ಸರ್ವರ್ ಬೆಳಿಗ್ಗೆಯಿಂದ ಕೆಟ್ಟು ಬಿದ್ದಿದೆ ಮಾರಾಯ. ಅವಳಿಗೆ ಹೇಳ್ಬೇಡ."

ಸ್ಕೂಟರಿನಲ್ಲಿ ಬಸ್ಸಿನ ಹಿಂದೆಯೇ ಬಂದಿದ್ದರು, ಸ್ಟಾಪು ಸ್ಟಾಪಿಗೂ ನಿಂತು ಅಕ್ಕನ ಫೋನಿಗೆ ತಾವೇ ಟೈಪ್ ಮಾಡುತ್ತ. ಊಟಕ್ಕಾದರೂ ಬನ್ನಿ ಎಂದೆ.

"ನಾ ಬಂದ್ರೆ ಅವಳು ಒಬ್ಬಳೇ ಬಂದ ಹಾಗೆ ಆಗ್ತದಾ?" ಎಂದು ಸ್ಕೂಟರ್ ತಿರುಗಿಸಿದರು.